ಗುಡ್ಡ ಕರಗಿದ ಮೇಲೆ ನಿಯಮ ಹುಡುಕಿದೆವು, ನಿಮ್ಮೂರಲ್ಲಿ ಹೀಗಾಗದಿರಲಿ

2021ರ ಸಂಕ್ರಾಂತಿ ಕಳೆದ ವಾರ ನಮ್ಮೂರ ಗರಸುಗುಡ್ಡದ ಬುಡಕ್ಕೆ ಮೊದಲ ಟಿಪ್ಪರ್ ಬಂತು. ಹೆದ್ದಾರಿ ಅಗಲ ಮಾಡುತ್ತಿದ್ದಾರೆ, ಮಣ್ಣು ಬೇಕಂತೆ, ಇಪ್ಪತ್ತು ದಿನದಲ್ಲಿ ಮುಗಿಯುತ್ತಂತೆ ಎಂದು ಮಾತು. ರಸ್ತೆ ಬೇಡ ಎಂದವರು ಊರಲ್ಲಿ ಯಾರೂ ಇಲ್ಲ, ನಾನೂ ಹಾಗನ್ನಲಿಲ್ಲ. ಯುಗಾದಿ ಹೊತ್ತಿಗೆ ಗುಡ್ಡದಲ್ಲಿ ಅರ್ಧ ಇರಲಿಲ್ಲ. ಮುಂಗಾರು ಹಿಡಿಯುವ ಮುಂಚೆ ಅವರು ಗಂಟುಮೂಟೆ ಕಟ್ಟಿ ಹೊರಟರು. ಬಿಟ್ಟುಹೋದ ಗುಂಡಿಗೆ ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದೆವು: 32 ಅಡಿ.

ಊರಿನ ಹೆಸರು, ಗುತ್ತಿಗೆದಾರರ ಹೆಸರು, ನಾವು ಅಲೆದ ಕಚೇರಿಗಳ ಹೆಸರು ಇಲ್ಲಿ ಬರೆಯುವುದಿಲ್ಲ. ನಮಗಾದದ್ದು ನಾಳೆ ನಿಮಗೆ ಆಗಬಾರದೆಂದು ಬರೆಯುತ್ತಿದ್ದೇನೆ, ಅಷ್ಟಕ್ಕೆ ಹೆಸರು ಬೇಕಿಲ್ಲ.

ಆ ಗುಡ್ಡ ಹೊರಗಿನವರ ಕಣ್ಣಿಗೆ ಏನೂ ಅಲ್ಲ. ಬಂದರೆ ಗಿಡ, ತಂಗಡಿ, ಕಳ್ಳಿ, ನಡುನಡುವೆ ಬಂಡೆ. ಒಂದು ಪಾಲು ಪಟ್ಟಾ ಜಮೀನು, ಉಳಿದದ್ದು ದನ ಮೇಯುವ ಗೋಮಾಳ. ಆದರೆ ಅದರ ಮೈಮೇಲೆ ಬಿದ್ದ ಮಳೆಯೆಲ್ಲ ಒಂದು ಸಣ್ಣ ಹಳ್ಳಕ್ಕಿಳಿದು ಕೆರೆ ಸೇರುತ್ತಿತ್ತು. ಗರಸು ನೀರನ್ನು ಕುಡಿದು ನಿಧಾನಕ್ಕೆ ಬಿಡುತ್ತದೆ; ಮಳೆ ನಿಂತು ವಾರವಾದರೂ ಹಳ್ಳದಲ್ಲಿ ಪಸೆ ಆರುತ್ತಿರಲಿಲ್ಲ. ಅಗೆಯಲು ಬಂದವರು ಆ ಹಳ್ಳವನ್ನೇ ಎರಡು ಕಡೆ ಕಡಿದು ಟಿಪ್ಪರ್ ದಾರಿ ಮಾಡಿಕೊಂಡರು. ಆ ವರ್ಷದ ಮಳೆಗೆ ನೀರು ಮೊದಲು ಗುಂಡಿ ತುಂಬಿತು, ಮಿಕ್ಕದ್ದು ಸಡಿಲ ಮಣ್ಣನ್ನು ಎಳೆದುಕೊಂಡು ಕೆರೆಗೆ ಬಂತು. ತೂಬಿನ ಬಾಯಿ ಹೂಳಿನಿಂದ ಮುಚ್ಚಿತು. ಕೆರೆ ಕೆಳಗಿನ ಬಾವಿ ನೀರು ಕೆಂಪಗಾದದ್ದು ತಿಂಗಳುಗಟ್ಟಲೆ ತಿಳಿಯಾಗಲಿಲ್ಲ. ಪಕ್ಕದ ಮನೆಯವರ ಗಬ್ಬದ ಹಸು ಗುಂಡಿಗೆ ಜಾರಿ ಸತ್ತಿತು. ಸುತ್ತ ಬದುವಿಲ್ಲ, ಬೇಲಿಯಿಲ್ಲ, ಒಂದು ಬೋರ್ಡೂ ಇಲ್ಲ. ಶಾಲೆ ತಪ್ಪಿಸಿದ ಹುಡುಗರು ಅಲ್ಲಿ ಈಜಲು ಇಳಿಯುತ್ತಾರೆಂದು ತಿಳಿದ ದಿನ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಭಯ ಇವತ್ತಿಗೂ ಹೋಗಿಲ್ಲ.

ಏಳು ಜನ ಸೇರಿ ತಾಲ್ಲೂಕು, ಜಿಲ್ಲೆ ಎಂದು ಓಡಾಡಿದೆವು. ಕೊನೆಗೆ ಒಂದು ಕಚೇರಿಯಲ್ಲಿ ಅಧಿಕಾರಿಯೊಬ್ಬರು ಕೂರಿಸಿ, ಸಮಾಧಾನವಾಗಿ ಕೇಳಿಸಿಕೊಂಡು, ಕಂಪ್ಯೂಟರಿನಲ್ಲಿ ಒಂದು ಇಂಗ್ಲಿಷ್ ಪುಟ ತೆಗೆದು ತೋರಿಸಿದರು. "ಇದಕ್ಕೆ ಪರಿಸರ ಅನುಮತಿಯೇ ಬೇಕಿಲ್ಲ. ಅನುಮತಿ ಇದ್ದರೆ ಷರತ್ತು, ಷರತ್ತು ಇದ್ದರೆ ಉಲ್ಲಂಘನೆ. ನಾನು ಯಾವ ಕಾಗದದ ಮೇಲೆ ನೋಟಿಸ್ ಕೊಡಲಿ ಹೇಳಿ?" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಹೇಳಿದ್ದು ನಿಜವೇ ಆಗಿತ್ತು. ನಮ್ಮನ್ನು ಕಾಯಬೇಕಿದ್ದ ನಿಯಮ ಟಿಪ್ಪರ್ ಬರುವುದಕ್ಕೆ ಹತ್ತು ತಿಂಗಳ ಮುಂಚೆಯೇ ಪುಸ್ತಕದಿಂದ ಎದ್ದುಹೋಗಿತ್ತು.

ಆ ಪುಟ ಕೇಂದ್ರ ಪರಿಸರ ಸಚಿವಾಲಯ 2020ರ ಮಾರ್ಚ್ 28ರಂದು ಹೊರಡಿಸಿದ ಅಧಿಸೂಚನೆ. ದೇಶಕ್ಕೆ ಬೀಗ ಬಿದ್ದು ಆಗ ಮೂರೇ ದಿನ. ನಾವೆಲ್ಲ ಬಾಗಿಲು ಹಾಕಿಕೊಂಡು ಕೊರೊನಾ ಸುದ್ದಿ ನೋಡುತ್ತಿದ್ದ ಹೊತ್ತಿನಲ್ಲಿ 2006ರ ಇಐಎ (ಪರಿಸರ ಪರಿಣಾಮ ಮೌಲ್ಯಮಾಪನ) ಅಧಿಸೂಚನೆಯ ಅನುಬಂಧವೊಂದನ್ನು ತಿದ್ದಿ, ರಸ್ತೆ, ಪೈಪ್‌ಲೈನ್‌ನಂಥ 'ರೇಖೀಯ ಯೋಜನೆ'ಗಳಿಗೆ ಸಾಮಾನ್ಯ ಮಣ್ಣು ತೆಗೆಯುವುದಕ್ಕೆ ಪೂರ್ವಾನುಮತಿ ಬೇಡ ಎಂದು ಸೇರಿಸಿಬಿಟ್ಟರು. ಎಷ್ಟು ಮಣ್ಣು, ಎಷ್ಟು ಎಕರೆ, ಎಷ್ಟು ಆಳ, ಒಂದೂ ಇಲ್ಲ. ರೇಖೀಯ ಯೋಜನೆ ಎಂದರೆ ಯಾವುದು ಎಂಬ ವಿವರಣೆಯೂ ಇಲ್ಲ. ಇದೇ ದೇಶದ ಸುಪ್ರೀಂ ಕೋರ್ಟ್ 2012ರಲ್ಲಿ, ದೀಪಕ್ ಕುಮಾರ್ ಪ್ರಕರಣದಲ್ಲಿ, 5 ಹೆಕ್ಟೇರ್‌ಗಿಂತ ಚಿಕ್ಕ ಉಪಖನಿಜ (ಮಣ್ಣು, ಮರಳು, ಕಲ್ಲಿನಂಥವು) ಗಣಿಗೂ ಪರಿಸರ ಅನುಮತಿ ಬೇಕು ಎಂದಿತ್ತು. 5 ಹೆಕ್ಟೇರ್ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 12 ಎಕರೆ 14 ಗುಂಟೆ. ಅಷ್ಟು ಕಷ್ಟಪಟ್ಟು ಬಂದ ಕಾವಲನ್ನು ಒಂದು ಸಾಲು ತೆಗೆದುಹಾಕಿತು.

ನೀವು ಮುಖ್ಯವಾಗಿ ಗಮನಿಸಬೇಕಾದದ್ದು ಇಲ್ಲಿದೆ. 1986ರ ಪರಿಸರ ಸಂರಕ್ಷಣಾ ನಿಯಮಗಳ 5ನೇ ನಿಯಮದ ಪ್ರಕಾರ ಇಂಥ ಬದಲಾವಣೆ ಮಾಡುವ ಮುಂಚೆ ಕರಡು ಪ್ರಕಟಿಸಬೇಕು. ಪ್ರಕಟವಾದ ದಿನದಿಂದ 60 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ವಕೀಲರೇ ಆಗಬೇಕೆಂದಿಲ್ಲ, ವಿಜ್ಞಾನಿಯೇ ಆಗಬೇಕೆಂದಿಲ್ಲ. 'ಸಾರ್ವಜನಿಕ ಹಿತಾಸಕ್ತಿ'ಯ ಕಾರಣ ಕೊಟ್ಟು ಸರ್ಕಾರ ಆ 60 ದಿನವನ್ನೇ ಕೈಬಿಡಲು ಅದೇ ನಿಯಮದಲ್ಲಿ ಒಂದು ಸಂದಿ ಇದೆ. 2020ರಲ್ಲಿ ಬಳಸಿದ್ದು ಅದನ್ನೇ. ಕರಡೂ ಇಲ್ಲ, ಕೇಳುವುದೂ ಇಲ್ಲ.

ಇದು ತಪ್ಪು ಎಂದು ಆಮೇಲೆ ಸಾಬೀತಾಯಿತು. ಕೇರಳದಿಂದ ಒಬ್ಬರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ಮೂರು ತಿಂಗಳಲ್ಲಿ ಇದನ್ನು ಮರುಪರಿಶೀಲಿಸಿ ಎಂದು ಮಂಡಳಿ 2020ರ ಅಕ್ಟೋಬರ್‌ನಲ್ಲೇ ಸಚಿವಾಲಯಕ್ಕೆ ಹೇಳಿತ್ತು. ತಿದ್ದುಪಡಿ ಬಂದದ್ದು 2023ರ ಆಗಸ್ಟ್‌ನಲ್ಲಿ, ಅದೂ ಕಾರ್ಯವಿಧಾನ ಪಾಲಿಸಬೇಕು ಎಂಬ ಒಂದು ಮಾತು ಸೇರಿಸಿ. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನೇ ರದ್ದುಮಾಡಿತು. ಲಾಕ್‌ಡೌನ್‌ನಲ್ಲಿ ರಸ್ತೆ ಕೆಲಸಗಳೆಲ್ಲ ನಿಂತೇಹೋಗಿದ್ದಾಗ ಜನರನ್ನು ಕೇಳದೆ ತಿದ್ದುವಂಥ ಅವಸರ ಏನಿತ್ತು ಎಂಬುದು ನ್ಯಾಯಾಲಯದ ಮಾತಿನ ಸಾರ. ತೀರ್ಪು ಓದಿದ ರಾತ್ರಿ ನಾನು ಅತ್ತೆ. ನಮ್ಮ ಪರ ಬಂದ ತೀರ್ಪು ಅದು, ಬರುವ ಹೊತ್ತಿಗೆ ಗುಡ್ಡ ಹೋಗಿ ಮೂರು ವರ್ಷವಾಗಿತ್ತು.

ಈಗ ನಾವು ಮಾಡಿದ ತಪ್ಪುಗಳು. ಮೊದಲನೆಯದು, 'ಪರಿಸರ ಅನುಮತಿ ಬೇಡ' ಎಂದ ಕೂಡಲೇ ಎದ್ದು ಬಂದದ್ದು. ಪರಿಸರ ಅನುಮತಿಯಿಂದ ವಿನಾಯಿತಿ ಸಿಕ್ಕರೂ ರಸ್ತೆಗೆ ತುಂಬುವ ಮಣ್ಣು ಉಪಖನಿಜವೇ. ಅದಕ್ಕೆ ರಾಜಧನ ಕಟ್ಟಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಪಡೆಯಬೇಕು. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಮಣ್ಣಿಗೆ ಅನುಮತಿ ಇತ್ತು ಎಂದು ನಾವು ಆಗ ಕೇಳಲೇ ಇಲ್ಲ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿದ್ದರೆ 30 ದಿನದೊಳಗೆ ಉತ್ತರ ಕೊಡಬೇಕಿತ್ತು. ಗುಡ್ಡ ಇನ್ನೂ ಮುಕ್ಕಾಲು ಇರುವಾಗಲೇ.

ಎರಡನೆಯದು ಗಡುವು, ಇದೇ ನಮ್ಮನ್ನು ಹೆಚ್ಚು ಸುಟ್ಟದ್ದು. ಹಸಿರು ನ್ಯಾಯಮಂಡಳಿಗೆ ಪರಿಸರ ವಿವಾದ ಒಯ್ಯಲು 2010ರ ಕಾಯ್ದೆ ಕೊಡುವುದು ಆರು ತಿಂಗಳು. ಸಕಾರಣವಿದ್ದರೆ ಇನ್ನು 60 ದಿನ, ಅಷ್ಟೇ. ಮನವಿಪತ್ರ, ಸನ್ಮಾನ್ಯರ ಭೇಟಿ, 'ನೋಡೋಣ' ಎಂಬ ಆಶ್ವಾಸನೆಗಳಲ್ಲಿ ನಾವು ಒಂದು ವರ್ಷ ಕಳೆದಿದ್ದೆವು. ನಷ್ಟ ಪರಿಹಾರಕ್ಕೆ ಮತ್ತು ಹಾಳಾದ ಜಾಗ ಸರಿಪಡಿಸುವುದಕ್ಕೆ ಐದು ವರ್ಷದ ಅವಕಾಶ ಇದೆಯೆಂದು ಬಹಳ ತಡವಾಗಿ ಒಬ್ಬ ವಕೀಲರು ಹೇಳಿದರು. ಕರ್ನಾಟಕದವರು ಹೋಗಬೇಕಾದದ್ದು ಚೆನ್ನೈನ ದಕ್ಷಿಣ ವಲಯ ಪೀಠಕ್ಕೆ. ಕೊನೆಯ ವರ್ಷದಲ್ಲಿ ಅರ್ಜಿ ಹಾಕಿದೆವು.

2020ರಲ್ಲೇ ಬಂದ ಇನ್ನೊಂದು ಕಾಗದದ ಕಥೆ ಬೇರೆ, ಅದನ್ನು ಹೇಳದಿದ್ದರೆ ನಾನು ಬರೀ ಹೆದರಿಸಿದಂತಾಗುತ್ತದೆ. ಹೊಸ ಇಐಎ ಕರಡು ಅದೇ ಮಾರ್ಚ್‌ನಲ್ಲಿ ಬಂತು. ಸಾರ್ವಜನಿಕ ಅಹವಾಲು ಪ್ರಕ್ರಿಯೆಯಲ್ಲಿ ಜನರಿಗಿದ್ದ 30 ದಿನವನ್ನು 20ಕ್ಕೆ ಇಳಿಸುವುದು, ಅನುಮತಿಯಿಲ್ಲದೆ ಶುರುಮಾಡಿದ ಯೋಜನೆಗಳಿಗೆ ಆಮೇಲೆ ಅನುಮತಿ ಕೊಡುವುದು ಅದರಲ್ಲಿತ್ತು. ಇದು ಕರಡಾಗಿ ಬಂದದ್ದರಿಂದ ಜನರಿಗೆ ಬಾಯಿ ಸಿಕ್ಕಿತು. ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇದ್ದರೆ ಉಳಿದವರು ಓದುವುದು ಹೇಗೆ ಎಂಬ ಪ್ರಶ್ನೆ ದೆಹಲಿ ಹೈಕೋರ್ಟಿಗೆ ಹೋಗಿ, ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಿ ಎಂಬ ಆದೇಶ ಬಂತು. ಆಕ್ಷೇಪಣೆಯ ಗಡುವು ಆಗಸ್ಟ್ 11ರವರೆಗೆ ಮುಂದೆ ಹೋಯಿತು. ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅಂತಿಮ ಅಧಿಸೂಚನೆ ಪ್ರಕಟಿಸದಂತೆ ಮಧ್ಯಂತರ ತಡೆ ಕೊಟ್ಟಿತು. ಕಾಲೇಜು ಮಕ್ಕಳು, ಮೀನುಗಾರರು, ರೈತರು ಲಕ್ಷಗಟ್ಟಲೆ ಪತ್ರ ಬರೆದರು. ಆ ಕರಡು ಅಂತಿಮವಾಗಲೇ ಇಲ್ಲ. ಬರೆದವರಲ್ಲಿ ನಾನಿರಲಿಲ್ಲ. ಮೊಬೈಲಿಗೆ ಬಂದ ಮನವಿಯನ್ನು ಓದದೆ ಮುಂದಕ್ಕೆ ಸರಿಸಿದ್ದೆ.

ಕರಡು ಸತ್ತರೂ ಅದರೊಳಗಿನ ವಿಚಾರಗಳು ಬಿಡಿಬಿಡಿಯಾಗಿ ಬರುತ್ತಲೇ ಇವೆ, ಅದಕ್ಕೇ ಈಗ ಎಚ್ಚರಿಸುತ್ತಿದ್ದೇನೆ. ಕಾಮಗಾರಿ ಶುರುವಾದ ಮೇಲೆ ಅನುಮತಿ ಕೊಡುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತಳ್ಳಿಹಾಕಿತು, ನವೆಂಬರ್‌ನಲ್ಲಿ 2:1 ಬಹುಮತದಿಂದ ಆ ತೀರ್ಪನ್ನೇ ಹಿಂಪಡೆಯಿತು. 2024ರ ನವೆಂಬರ್‌ನಲ್ಲಿ 'ಬಿಳಿ ವರ್ಗ'ದ, ಅಂದರೆ ಮಾಲಿನ್ಯ ತೀರಾ ಕಡಿಮೆ ಎನ್ನಲಾದ, ಕೈಗಾರಿಕೆಗಳಿಗೆ ವಾಯು ಮತ್ತು ಜಲ ಕಾಯ್ದೆಗಳಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯುವುದರಿಂದ ವಿನಾಯಿತಿ ಸಿಕ್ಕಿತು. ಪರಿಸರ ಸಂರಕ್ಷಣಾ ಕಾಯ್ದೆ ಉಲ್ಲಂಘಿಸಿದರೆ ಐದು ವರ್ಷದವರೆಗೆ ಜೈಲು ಎಂದಿದ್ದದ್ದು 2023ರ ಜನ ವಿಶ್ವಾಸ್ ಕಾಯ್ದೆಯಿಂದ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವಾಯಿತು. ಸಣ್ಣ ಉದ್ಯಮದವರಿಗೆ ಕಚೇರಿ ಅಲೆದಾಟ ತಪ್ಪಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ, ನನ್ನ ತಮ್ಮನೇ ಹಿಟ್ಟಿನ ಗಿರಣಿ ಇಟ್ಟು ಆ ಕಷ್ಟ ಉಂಡವನು. ಆದರೆ ಗುಡ್ಡ ಅಗೆಯುವವನಿಗೂ ಗಿರಣಿಯವನಿಗೂ ಒಂದೇ ಅಳತೆಯ ಸಡಿಲಿಕೆ ಕೊಟ್ಟರೆ ಬೆಲೆ ತೆರುವವರು ಕೆರೆ ಕೆಳಗಿನವರು.

ಬಾವಿ ಕೆಟ್ಟ ಮೇಲೆ ನಮ್ಮ ಕೇರಿಯವರು ಕ್ಯಾನ್ ನೀರಿಗೆ ಬಿದ್ದೆವು. ಅಲ್ಲೂ ಇದೇ. ಪ್ಯಾಕ್ ಮಾಡಿದ ಕುಡಿಯುವ ನೀರಿಗೆ ಕಡ್ಡಾಯವಾಗಿದ್ದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಮಾಣೀಕರಣವನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿತು. ನವೆಂಬರ್ ಕೊನೆಗೆ ಅದೇ ನೀರನ್ನು ಹೆಚ್ಚು ಅಪಾಯದ ಆಹಾರಗಳ ಸಾಲಿಗೆ ಸೇರಿಸಿ ತಪಾಸಣೆ ಬಿಗಿ ಮಾಡಿತು. ಒಂದು ಕಾವಲು ಹೋಯಿತು, ಇನ್ನೊಂದು ಬಂತು. ಎರಡನ್ನೂ ತಿಳಿದಿದ್ದರೆ ಮಾತ್ರ ಯಾರನ್ನು ಏನು ಕೇಳಬೇಕೆಂಬುದು ಗೊತ್ತಾಗುತ್ತದೆ.

ಹಾಗಾಗಿ ಕರಡು ಅಧಿಸೂಚನೆ ಎಂಬ ಮಾತು ಪತ್ರಿಕೆಯ ಮೂಲೆಯಲ್ಲಿ ಕಂಡರೆ ಪುಟ ತಿರುವಬೇಡಿ. 'ವಿನಾಯಿತಿ', 'ಸ್ವಯಂ ದೃಢೀಕರಣ', 'ಅನುಮತಿ ಸಿಕ್ಕಿದೆಯೆಂದು ಭಾವಿಸತಕ್ಕದ್ದು', 'ಸಾರ್ವಜನಿಕ ಹಿತಾಸಕ್ತಿಯ ದೃಷ್ಟಿಯಿಂದ ನಿಯಮ ಸಡಿಲಿಸಿ' ಎಂಬ ಪದಗಳನ್ನು ಹುಡುಕಿ. ಕೇಂದ್ರದ ಇ-ಗೆಜೆಟ್‌ನಲ್ಲಿ ಮೂಲ ಪ್ರತಿ ಸಿಗುತ್ತದೆ. ನಿಮ್ಮೂರ ಯೋಜನೆಯ ಅರ್ಜಿ, ಷರತ್ತುಗಳು ಪರಿಸರ ಅನುಮತಿಗಳ ಸರ್ಕಾರಿ ಜಾಲತಾಣವಾದ 'ಪರಿವೇಶ್' ತಾಣದಲ್ಲಿ ಇರುತ್ತವೆ. ಆಕ್ಷೇಪಣೆ ಕನ್ನಡದಲ್ಲೇ ಬರೆಯಿರಿ: ಯಾವ ಸಾಲು ಬೇಡ, ಅದು ಜಾರಿಯಾದರೆ ನಿಮ್ಮ ಹಳ್ಳಕ್ಕೆ, ಬಾವಿಗೆ ಏನಾಗುತ್ತದೆ. ಎರಡು ಪುಟ ಸಾಕು. ಮಣ್ಣಿನ ವಿನಾಯಿತಿಯ ಅನುಬಂಧ ಒಂದಕ್ಕಿಂತ ಹೆಚ್ಚು ಸಲ ತಿದ್ದುಪಡಿಯಾಗಿದೆ, ಆದ್ದರಿಂದ ಕಚೇರಿಗೆ ಹೋಗುವಾಗ ಆ ದಿನ ಜಾರಿಯಲ್ಲಿರುವ ಪ್ರತಿ ಕೈಯಲ್ಲಿರಲಿ.

ಇನ್ನೊಂದು, ಇವತ್ತೇ ಮಾಡಬಹುದಾದದ್ದು. ನಿಮ್ಮೂರ ಗುಡ್ಡ, ಹಳ್ಳ, ಕೆರೆಗಳ ಫೋಟೋ ತೆಗೆದಿಡಿ, ದಿನಾಂಕದ ಸಮೇತ. ಅಗೆಯುವ ಮುಂಚೆ ಗುಡ್ಡ ಹೇಗಿತ್ತೆಂದು ವಕೀಲರು ಕೇಳಿದಾಗ ನಮ್ಮ ಏಳು ಜನರ ಮೊಬೈಲಿನಲ್ಲೂ ಒಂದು ಚಿತ್ರ ಇರಲಿಲ್ಲ. ದಿನಾ ನೋಡುವ ಗುಡ್ಡದ ಫೋಟೋ ಯಾರು ತೆಗೆಯುತ್ತಾರೆ? ಕೊನೆಗೆ ಸಿಕ್ಕಿದ್ದು ನಮ್ಮ ಪ್ರಾಥಮಿಕ ಶಾಲೆಯ 2018ರ ಗುಂಪು ಚಿತ್ರ. ಮುಂದೆ ಏಳನೇ ತರಗತಿಯ ಮಕ್ಕಳು, ಹಿಂದೆ ಹೆಂಚಿನ ಮಾಡು, ಅದರ ಮೇಲೆ ಎಡಗಡೆಗೆ ಗುಡ್ಡದ ಬೆನ್ನು. ಚೆನ್ನೈಗೆ ಹೋದ ಅರ್ಜಿಗೆ ಅದೇ ಮೊದಲ ಲಗತ್ತು.