ಟಿಲ್ಲರ್ ಫ್ರೇಮ್ ಸೀಳಿದರೆ: ಬರೀ ವೆಲ್ಡಿಂಗಾ, ಬೋಲ್ಟ್ ಪ್ಲೇಟಾ, ಎರಡೂ ಸೇರಿಸಿಯಾ?

ಶಿರಸಿ ಕಡೆಯ ತೋಟಿಗರ ಮನೆಯಲ್ಲಿ ಪವರ್ ಟಿಲ್ಲರ್ ಉಳುವುದಕ್ಕಿಂತ ಹೊರೆ ಎಳೆಯುವುದೇ ಜಾಸ್ತಿ. ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ). ಕೊಟ್ಟಿಗೆಯಿಂದ ಗೊಬ್ಬರ. ಕೊಯ್ಲು ಬಂತೆಂದರೆ ಅಡಿಕೆ ಕೊನೆ. ಹಿಂದೆ ತುಂಬಿದ ಟ್ರೇಲರ್, ಕೆಳಗೆ ಕಲ್ಲು ಬೇರಿನ ದಾರಿ, ಮುಂದೆ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ನಿನ ನಡುಕ. ನಮ್ಮ ಹಳೇ ಟಿಲ್ಲರಿನಲ್ಲಿ ಆ ಎಂಜಿನ್ ಕೂತಿರುವುದು ಎರಡು ಉಕ್ಕಿನ ಚಾನೆಲ್ (ಇಂಗ್ಲಿಷಿನ C ಆಕಾರದ ಉದ್ದ ಪಟ್ಟಿ; ಮೇಲೆ ಕೆಳಗಿನ ಮಡಿಕೆ ಅದರ ತುಟಿ, ನಡುವಿನ ಅಗಲ ಭಾಗ ಹೊಟ್ಟೆ) ಮೇಲೆ. ಎರಡೂ ಬಿರುಕು ಬಿಟ್ಟವು, ಅದೂ ಎಂಜಿನ್ ಹಿಡಿಯುವ ಹಿಂದಿನ ಬೋಲ್ಟ್ ತೂತಿನ ಬುಡದಲ್ಲೇ. ಎಡಗಡೆಯದು ಬೇಸಿಗೆಯಲ್ಲಿ ಕಂಡಿತು, ಪೇಟೆಯ ವೆಲ್ಡಿಂಗ್ ಅಂಗಡಿಗೆ ಹೋಯಿತು. ಬಲಗಡೆಯದು ಕಂಡಿದ್ದು ಜಡಿಮಳೆಯಲ್ಲಿ, ಗಾಡಿ ಮನೆಯಿಂದ ಹೊರಗೆ ಹೋಗುವ ಹಾಗೇ ಇರಲಿಲ್ಲ. ಹಾಗಾಗಿ ಅದಕ್ಕೆ ಮನೆಯಲ್ಲೇ ಬೋಲ್ಟ್ ಪ್ಲೇಟ್, ಅಂದರೆ ಬಿರುಕಿಗೆ ಉಕ್ಕಿನ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿ ಬಿಗಿಯುವುದು. ಗಾಡಿ ಅದೇ, ದಾರಿ ಅದೇ, ಹೊರೆ ಅದೇ, ರಿಪೇರಿ ಮಾತ್ರ ಬೇರೆ. ಎರಡರ ತಾಕತ್ತು ಅಳೆಯಲು ಇನ್ನೇನು ಬೇಕು?

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ: ಬಿರುಕು ಎಲ್ಲಿಗೆ ಮುಗಿಯುತ್ತದೆ ಅಂತ ಹುಡುಕುವುದು. ಕಣ್ಣಿಗೆ ಕಾಣುವುದಕ್ಕಿಂತ ಅದು ಮುಂದೆ ಹೋಗಿರುತ್ತದೆ. ಪೇಂಟು, ಗ್ರೀಸು ಎಲ್ಲ ತೆಗೆದು ವೈರ್ ಬ್ರಷ್ ಹಾಕಿ. ಆಮೇಲೆ ಡೀಸೆಲ್ ಸವರಿ ಸ್ವಲ್ಪ ಹೊತ್ತು ಬಿಟ್ಟು, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಶಾಲೆಯ ಬಿಳಿ ಚಾಕ್ ಪುಡಿ ಮಾಡಿ ತಿಕ್ಕಿ. ಸೀಳಿನೊಳಗೆ ಕೂತ ಡೀಸೆಲ್ ಮೆಲ್ಲಗೆ ಹೊರಗೆ ಬಂದು ಚಾಕಿನ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ನಮ್ಮ ಬಲಗಡೆಯ ಚಾನೆಲ್‌ನಲ್ಲಿ ಆ ಗೆರೆ ಮಡಿಕೆಯ ಮೂಲೆ ದಾಟಿ ಕೆಳಗಿನ ತುಟಿಯವರೆಗೂ ಇಳಿದಿತ್ತು. ಬರಿಗಣ್ಣಿಗೆ ಕಂಡಿದ್ದು ಅದರ ಅರ್ಧವೂ ಅಲ್ಲ.

ಈಗ ಎಡಗಡೆಯ ಕತೆ. ಅಂಗಡಿಯಲ್ಲಿ 6013 ನಂಬರಿನ ಸಾಮಾನ್ಯ ವೆಲ್ಡಿಂಗ್ ರಾಡ್ ಹಿಡಿದು ಬಿರುಕಿನ ಮೇಲೇ ಒಂದು ಸಾಲು ಎಳೆದರು, ಗ್ರೈಂಡರ್ ಹಾಕಿ ನುಣ್ಣಗೆ ಮಾಡಿ ಕೊಟ್ಟರು. ನೋಡಲು ಹೊಸದರ ಹಾಗೇ ಇತ್ತು. ಮುಂದಿನ ಕೊಯ್ಲು ಮುಗಿಯುವುದರೊಳಗೆ ಮತ್ತೆ ಸೀಳಿತು. ವೆಲ್ಡಿಂಗ್ ಮೇಲಲ್ಲ, ಅದರ ಪಕ್ಕದಲ್ಲೇ, ಅಂಚಿಗೆ ಅಂಟಿಕೊಂಡ ಹಾಗೆ. ಇದು ರಾಡಿನ ತಪ್ಪಲ್ಲ. ಮೇಲೆ ಸವರಿದ ವೆಲ್ಡ್ ಚಾನೆಲ್‌ನ ಪೂರ್ತಿ ದಪ್ಪಕ್ಕೆ ಇಳಿದಿರುವುದಿಲ್ಲ, ಒಳಗೆ ಹಳೇ ಸೀಳು ಹಾಗೇ ಉಳಿದಿರುತ್ತದೆ. ಜೊತೆಗೆ ಕಾದು ತಣಿದ ಉಕ್ಕು ಒಳಗೊಳಗೇ ಬಿಗಿದುಕೊಳ್ಳುತ್ತದೆ. ಎಂಜಿನ್ನಿನ ನಡುಕಕ್ಕೆ ಅಷ್ಟು ಸಾಕು.

ಇನ್ನೊಂದು ಕಾಟ ಯಾರೂ ಮೊದಲೇ ಹೇಳುವುದಿಲ್ಲ. ಒಂದೇ ಬದಿಗೆ ಸುಮ್ನೆ ಕಾಯಿಸುತ್ತಾ ಹೋದರೆ ಫ್ರೇಮ್ ಎಳೆಯುತ್ತದೆ. ಎಂಜಿನ್ ಪುಲ್ಲಿ ಮತ್ತು ಕ್ಲಚ್ ಪುಲ್ಲಿ ಕೂದಲೆಳೆಯಷ್ಟು ಓರೆಯಾದರೂ ವಿ-ಬೆಲ್ಟ್ ಪಕ್ಕ ಸವೆದು ಕಪ್ಪು ಪುಡಿ ಉದುರಿಸುತ್ತದೆ. ನಮ್ಮದರಲ್ಲಿ ಹಾಗೇ ಆಯಿತು. ಎರಡು ಪುಲ್ಲಿಗಳ ಮುಖಕ್ಕೆ ಅಡ್ಡಲಾಗಿ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ಮುಖಗಳು ಒಂದೇ ಸಮ ಇರಬೇಕಾದ ಗಾಡಿಯಲ್ಲಿ ದಾರ ನಾಲ್ಕು ಕಡೆ ತಾಗಬೇಕು. ಮೂರೇ ಕಡೆ ತಾಗಿದರೆ ಎಂಜಿನ್ ಬೋಲ್ಟ್ ಸಡಿಲಿಸಿ ಸರಿಸಿಕೊಳ್ಳಿ.

ಬಲಗಡೆಯ ಬೋಲ್ಟ್ ಪ್ಲೇಟ್ ಬಗ್ಗೆ ಊರಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಅಷ್ಟಕ್ಕಷ್ಟೇ. ಬಿರುಕಿನ ತುದಿಗೆ 5 ಎಂಎಂ ತೂತು ಕೊರೆದೆ, ಸೀಳು ಅಲ್ಲಿಗೇ ನಿಲ್ಲಲಿ ಅಂತ. ಚೂಪಾದ ತುದಿ ದುಂಡಾದರೆ ಒತ್ತಡ ಒಂದೇ ಕಡೆ ಸೇರುವುದಿಲ್ಲ. ಆಮೇಲೆ ಒಳಬದಿಗೆ 6 ಎಂಎಂ ಪ್ಲೇಟ್, 12 ಎಂಎಂ ಬೋಲ್ಟು, ತಲೆಯ ಮೇಲೆ 8.8 ಅಂತ ಬಲದ ದರ್ಜೆ ಬರೆದಿದ್ದು. ಬೋಲ್ಟ್ ತೂತುಗಳು ಚಾನೆಲ್‌ನ ಹೊಟ್ಟೆಯ ನಡುವೆ ಇರಬೇಕು. ಬಾಗುವ ಒತ್ತಡ ಮೇಲೆ ಕೆಳಗಿನ ತುಟಿಗಳಲ್ಲಿ ಜಾಸ್ತಿ, ನಡುವೆ ಕಮ್ಮಿ. ತುಟಿಯಲ್ಲಿ ತೂತು ಕೊರೆದರೆ ನಾವೇ ಹೊಸ ಬಿರುಕಿಗೆ ಜಾಗ ಮಾಡಿಕೊಟ್ಟ ಹಾಗೆ. ಸಾದಾ ನಟ್ಟು ನಡುಕಕ್ಕೆ ಸಡಿಲವಾಗುತ್ತದೆ, ನೈಲಾನ್ ಉಂಗುರ ಇರುವ ಲಾಕ್ ನಟ್ಟೇ ಬೇಕು.

ಇದು ಇವತ್ತಿಗೂ ಇದೆ. ಬಿರುಕು ಮುಂದೆ ಹೋಗಿಲ್ಲ. ಬಿಸಿ ತಾಗದ ಕಾರಣ ಪುಲ್ಲಿಯೂ ಓರೆಯಾಗಲಿಲ್ಲ. ತಾಪತ್ರಯ ಇಲ್ಲ ಅಂತಲ್ಲ. ಆಗಾಗ ಸ್ಪಾನರ್ ಹಾಕಿ ನೋಡುತ್ತಿರಬೇಕು. ಪ್ಲೇಟಿಗೂ ಚಾನೆಲ್ಲಿಗೂ ನಡುವೆ ಮಳೆನೀರು, ಗೊಬ್ಬರದ ರಾಡಿ ಸೇರಿ ತುಕ್ಕು ಉಬ್ಬುತ್ತದೆ. ಕೂಡಿಸುವ ಮೊದಲೇ ಎರಡೂ ಮುಖಕ್ಕೆ ರೆಡ್ ಆಕ್ಸೈಡ್ ಬಳಿಯಿರಿ.

ಎಡಗಡೆಯದಕ್ಕೆ ಎರಡನೇ ಸಲ ಮಾಡಿದ್ದು ಮೂರನೇ ದಾರಿ: ಪೂರ್ತಿ ವೆಲ್ಡಿಂಗ್, ಮೇಲೆ ಪ್ಲೇಟ್. ಎಂಜಿನ್ ಇಳಿಸಿ, ಹಳೇ ವೆಲ್ಡ್ ಎಲ್ಲ ಕೆರೆದು, ತುದಿಗೆ ತೂತು ಹಾಕಿ, ಸೀಳಿನುದ್ದಕ್ಕೂ ವಿ ಆಕಾರದ ಕಾಲುವೆ ತೋಡಿ, 7018 ರಾಡಿನಲ್ಲಿ ತುಂಬಿದ್ದು. 70 ಅಂದರೆ ಚದರ ಇಂಚಿಗೆ 70,000 ಪೌಂಡ್ ಎಳೆತ ತಡೆಯುವ ವೆಲ್ಡ್, 6013ದ್ದು 60,000. ಆದರೆ ಈ ರಾಡಿನ ಹೆಚ್ಚುಗಾರಿಕೆ ಬಲಕ್ಕಿಂತ ಹೈಡ್ರೋಜನ್ ಕಮ್ಮಿ ಇರುವುದರಲ್ಲಿದೆ, ವೆಲ್ಡ್ ತಣಿದ ಮೇಲೆ ಪಕ್ಕದ ಉಕ್ಕು ಸೀಳುವ ಭಯ ಕಮ್ಮಿ. ಷರತ್ತು ಒಂದೇ, ರಾಡ್ ಒಣಗಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನಕಾಯಿ ಭರಣಿಯೇ ಬೆವರುತ್ತದೆ, ಇನ್ನು ಒಡೆದ ಪ್ಯಾಕೆಟ್ಟಿನ ರಾಡ್ ಒಣಗಿರುತ್ತದಾ? ಬಚ್ಚಲೊಲೆ ಮೇಲಿಟ್ಟು ಬಿಸಿ ಮಾಡಿದರೆ ಸಾಲದು, ತೇವ ಹಿಡಿದದ್ದಕ್ಕೆ 300 ಡಿಗ್ರಿ ಮೇಲಿನ ಒಲೆಯೇ ಬೇಕು. ಚಿಕ್ಕ ಪ್ಯಾಕೆಟ್ ತಂದು ಒಡೆದ ದಿನವೇ ಮುಗಿಸುವುದು ಲೇಸು. ಮನೆಯ 16 ಆಂಪಿಯರ್ ಪ್ಲಗ್ಗಿಗೆ 2.5 ಎಂಎಂ ರಾಡೇ ಗತಿ. 3.15 ಹಚ್ಚಿದರೆ ಎಂಸಿಬಿ (ಕರೆಂಟು ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು) ಬೀಳುತ್ತಲೇ ಇರುತ್ತದೆ.

ಪ್ಲೇಟಿನ ಆಕಾರಕ್ಕೂ ಬೆಲೆ ಇದೆ. ಚೌಕ ತುಂಡು ಬೇಡ. ಎರಡೂ ತುದಿ ಚೂಪಾಗಿಸಿ ಮಾವಿನ ಎಲೆಯ ಹಾಗೆ ಕತ್ತರಿಸಿ, ಉದ್ದದ ಅಂಚಿಗೆ ಮಾತ್ರ ವೆಲ್ಡ್ ಮಾಡಿ. ಫ್ರೇಮಿಗೆ ಅಡ್ಡಲಾಗಿ ನೇರ ವೆಲ್ಡ್ ಸಾಲು ಬಂದರೆ ಮುಂದಿನ ಬಿರುಕು ಆ ಸಾಲಿನಲ್ಲೇ. ಅರ್ಥ್ ಕ್ಲ್ಯಾಂಪ್ ವೆಲ್ಡಿನ ಹತ್ತಿರವೇ ಕಚ್ಚಿಸಿ, ಇಲ್ಲದಿದ್ದರೆ ಕರೆಂಟು ಬೇರಿಂಗ್ ಒಳಗೆ ಹಾದು ಅದನ್ನು ಸುಡುತ್ತದೆ. ಖರ್ಚು ಮೊದಲ ವೆಲ್ಡಿಂಗಿನ ಹಲವು ಪಟ್ಟು ಬಿತ್ತು, ಹೆಚ್ಚಿನದು ಗ್ರೈಂಡರ್ ಹಿಡಿದ ಕೈಗೇ ಹೋಯಿತು. ಆದರೆ ಮೂರರಲ್ಲಿ ನಾನು ಮರೆತು ಬಿಡಬಹುದಾದ ರಿಪೇರಿ ಇದೊಂದೇ. ಎರಡನೇ ಜಾಗ ಬೋಲ್ಟ್ ಪ್ಲೇಟಿಗೆ. ಬರೀ ಮೇಲಿನ ಸಾಲು ಗಾಡಿಯನ್ನು ಮನೆ ತಲುಪಿಸಲಿಕ್ಕೆ ಸಾಕು, ಅಷ್ಟೇ.

ಮಿಗ್ ವೆಲ್ಡಿಂಗ್ (ರಾಡಿನ ಬದಲು ತಂತಿ, ಗಾಳಿ ತಾಗದಂತೆ ಸುತ್ತ ಗ್ಯಾಸ್) ಕೇಳುವವರಿದ್ದಾರೆ. ಕೆಲಸ ಚೊಕ್ಕ, ಆದರೆ ಬಯಲಲ್ಲಿ ಗಾಳಿ ಬೀಸಿದರೆ ಗ್ಯಾಸ್ ಹಾರಿಹೋಗಿ ವೆಲ್ಡಿನಲ್ಲಿ ತೂತು ತೂತು. ಹುಬ್ಬಳ್ಳಿ ಗುಜರಿಯಿಂದ ಹಳೇ ಫ್ರೇಮ್ ತರುವ ಯೋಚನೆಯೂ ಇತ್ತು. ಹೊಸ ಪೇಂಟು ಬಳಿದದ್ದು ಕಂಡರೆ ಚಾಕು ಹಾಕಿ ಕೆರೆದು ನೋಡಿ, ಅಲ್ಲೂ ಅದೇ ಬೋಲ್ಟ್ ತೂತಿನ ಬಳಿ ಅದೇ ಬಿರುಕು ಇರಬಹುದು ಅಲ್ವಾ?

ಇಷ್ಟೂ ಮಾತು ಉಕ್ಕಿನ ಚಾನೆಲ್ಲಿಗೆ. ಒಡೆದದ್ದು ಎರಕದ ಬ್ರಾಕೆಟ್ ಆದರೆ ಇದ್ಯಾವುದೂ ನಡೆಯುವುದಿಲ್ಲ. ಗ್ರೈಂಡರ್ ತಾಗಿಸಿ ಕಿಡಿ ನೋಡಿ: ಉಕ್ಕಿನದು ಉದ್ದಕ್ಕೆ ಹೊಳೆಯುತ್ತಾ ಹಾರುತ್ತದೆ, ಎರಕದ್ದು ಗಿಡ್ಡ, ಮಂಕು ಕೆಂಪು. ಅದಕ್ಕೆ ನಿಕ್ಕಲ್ ರಾಡ್, ಚಿಕ್ಕ ಚಿಕ್ಕ ಸಾಲು, ನಿಧಾನ ತಣಿಸುವುದು ಎಲ್ಲ ಬೇಕು. ಆ ರಾಡಿನ ಬೆಲೆ ಕೇಳಿದ ಮೇಲೆ ನಾನಾದರೆ ಬೇರೆ ಬ್ರಾಕೆಟ್ಟೇ ಹುಡುಕುತ್ತೇನೆ.