ಡೀಸೆಲ್ ಜನರೇಟರ್‌ಗೆ ಗ್ಯಾಸ್ ಕಿಟ್: 5ಕ್ಕೆ 3 ಸ್ಟಾರ್

ಪುಣೆಯ ಭೋಸರಿ ಎಂಐಡಿಸಿಯಲ್ಲಿ, ಅಂದರೆ ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ, ನಮ್ಮದು ಸಣ್ಣ ಮಷೀನ್ ಶಾಪ್. ಗುರುವಾರ ಬಂತೆಂದರೆ ಕರೆಂಟ್ ಯಾವಾಗ ಹೋಗುತ್ತದೋ ಅಂತ ಕಾಯುವುದು ಪುಣೆಯವರಿಗೆ ಹೊಸದಲ್ಲ. ಅರ್ಜೆಂಟ್ ಆರ್ಡರ್ ಇದ್ದರೆ 250 ಕೆವಿಎ ಡೀಸೆಲ್ ಜನರೇಟರ್ ಮೇಲೆಯೇ ದಿನ ದೂಡುತ್ತೇವೆ. ಫರ್ನೇಸ್‌ಗೆ ಅಂತ ಪೈಪ್ ಗ್ಯಾಸ್ (ನ್ಯಾಚುರಲ್ ಗ್ಯಾಸ್) ಮೊದಲೇ ಇತ್ತು, ಅದನ್ನೇ ಜನರೇಟರ್‌ಗೂ ಕೊಡುವ ಡ್ಯುಯಲ್ ಫ್ಯೂಯಲ್ ಕಿಟ್ ಹಾಕಿಸಿ ಎಂಟು ತಿಂಗಳಾಯಿತು. ಹಾಕಿದವರ ಹೆಸರು ಬೇಡ ಬಿಡಿ.

ಎಂಜಿನ್ ಬಿಚ್ಚಲಿಲ್ಲ, ಅದು ಒಳ್ಳೆಯದು. ಏರ್ ಫಿಲ್ಟರ್ ದಾಟಿ ಟರ್ಬೊಗೆ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನ್) ಹೋಗುವ ಗಾಳಿಗೇ ಗ್ಯಾಸ್ ಬೆರೆಸುತ್ತಾರೆ. ಡೀಸೆಲ್ ಹಾಗೆ ಬರೀ ಒತ್ತಡದ ಬಿಸಿಗೆ ಈ ಗ್ಯಾಸ್ ಹೊತ್ತಿಕೊಳ್ಳುವುದಿಲ್ಲ, ಮೊದಲು ಸ್ವಲ್ಪ ಡೀಸೆಲ್ ಹೊತ್ತಿ ಅದನ್ನು ಹೊತ್ತಿಸಬೇಕು. ಹಾಗಾಗಿ ಡೀಸೆಲ್ ಪೂರ್ತಿ ತಪ್ಪುವುದಿಲ್ಲ. ಗ್ಯಾಸ್ ನಿಂತರೆ ಎಂಜಿನ್ ತಾನೇ ಡೀಸೆಲ್‌ಗೆ ಮರಳುತ್ತದೆ, ಟ್ಯೂಬ್‌ಲೈಟ್ ಕೂಡ ಮಿಣುಕುವುದಿಲ್ಲ.

‘70 ಪರ್ಸೆಂಟ್ ಡೀಸೆಲ್ ಉಳಿತಾಯ’ ಅಂದಿದ್ದರು. ಅದು ಲೋಡ್ ಮೇಲೆ ಹೋಗುತ್ತದೆ ಅಂತ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನ್ ಎಲ್ಲ ಓಡುವಾಗ ಗಂಟೆಗೆ 32 ಲೀಟರ್ ಕುಡಿಯುತ್ತಿದ್ದದ್ದು ಈಗ 14, ಜೊತೆಗೆ ಸುಮಾರು 19 ಕ್ಯೂಬಿಕ್ ಮೀಟರ್ ಗ್ಯಾಸ್. ನಾನೇ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆದದ್ದು. ಆದರೆ ಊಟದ ಹೊತ್ತಲ್ಲಿ ಬರೀ ಫ್ಯಾನು, ಕಂಪ್ರೆಸರ್ ಇದ್ದಾಗ ಉಳಿತಾಯ ಅಷ್ಟಕ್ಕಷ್ಟೇ. ತೆಳ್ಳಗೆ ಬೆರೆತ ಗ್ಯಾಸ್ ಪೂರ್ತಿ ಉರಿಯದೆ ಸೈಲೆನ್ಸರ್‌ನಿಂದ ಹೊರಗೆ ಬರುತ್ತದೆ, ಹತ್ತಿರ ನಿಂತರೆ ಕಣ್ಣು ಚುರುಚುರು. ಹೀಗೆ ಹೋಗುವುದರಲ್ಲಿ ಜಾಸ್ತಿ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಜಾಸ್ತಿ ಶಾಖ ಹಿಡಿಯುತ್ತದೆ, ಹೊಗೆ ಕಪ್ಪಗಿಲ್ಲ ಅಂತ ಬೀಗುವುದೆಲ್ಲ ಸುಮ್ನೆ.

ಲೋಡ್ ತೀರಾ ಏರಿದರೂ ತಾಪತ್ರಯ. ಮೊದಲ ವಾರ ಫಿಟ್ಟರ್ ಗ್ಯಾಸ್ ಜಾಸ್ತಿ ಬಿಟ್ಟಿದ್ದ, ದೊಡ್ಡ ಲೇತ್ ಶುರು ಮಾಡಿದ್ದೇ ತಡ ಎಂಜಿನ್ ಒಳಗೆ ಯಾರೋ ಕೂತು ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ ಟಣ್ ಟಣ್. ನಾಕಿಂಗ್ ಅಂತಾರೆ, ಗ್ಯಾಸ್ ಹದ ತಪ್ಪಿ ಒಮ್ಮೆಲೇ ಸಿಡಿಯುವುದು. ಹಾಗೇ ಬಿಟ್ಟಿದ್ದರೆ ಪಿಸ್ಟನ್‌ಗೆ ಎಳ್ಳುನೀರು ಬಿಡಬೇಕಿತ್ತು.

ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಗ್ಯಾಸ್ ಲೀಕ್ ಡಿಟೆಕ್ಟರ್ ಅನ್ನು ನೆಲದಿಂದ ಒಂದು ಗೇಣು ಮೇಲೆ ಹೊಡೆದು ಹೋಗಿದ್ದರು. ನಮ್ಮ ಎಲೆಕ್ಟ್ರಿಷಿಯನ್ ಬೆಳಗಾವಿ ಹುಡುಗ, ನೋಡಿದವನೇ ‘ಸಾಹೇಬ್ರ, ಮನಿ ಸಿಲಿಂಡರ್ ಗ್ಯಾಸ್ ಅಂತ ತಿಳದಾರೇನ್ರಿ ಇವ್ರು? ಇದು ಮ್ಯಾಲ ಏರತೈತ್ರಿ’ ಅಂದ. ಸರಿ ತಾನೆ, ಎಲ್‌ಪಿಜಿ ಗಾಳಿಗಿಂತ ಭಾರ, ನೆಲ ಹಿಡಿಯುತ್ತದೆ. ಇದು ಹಗುರ. ಫೋನ್ ಮಾಡಿದರೆ ‘ಉದ್ಯಾ ಯೇತೋ’ (ನಾಳೆ ಬರ್ತೀನಿ) ಅಂದರು. ನಮ್ಮೂರ ಬಾಗಿಲ ಮೇಲಿನ ‘ನಾಳೆ ಬಾ’ ಇದರ ಮುಂದೆ ಏನೂ ಅಲ್ಲ. ಆರು ದಿನ ಕಾದು, ನಾವೇ ಏಣಿ ಹಾಕಿ ಸೀಲಿಂಗ್ ಹತ್ತಿರ ಸಿಕ್ಕಿಸಿದೆವು.

ಮೂರು ಸ್ಟಾರ್ ಕಿಟ್‌ಗೆ ಮಾತ್ರ. ಹಾಕಿಸುವವರಿದ್ದರೆ ಎಂಜಿನ್ ವಾರಂಟಿ ಉಳಿಯುತ್ತದಾ ಅಂತ ಎಂಜಿನ್ ಕಂಪನಿಯಿಂದಲೇ ಬರೆಸಿಕೊಳ್ಳಿ. ಆಮೇಲೆ ಒಂದು ಗುರುವಾರ ಪೂರ್ತಿ ನಿಮ್ಮ ಲೋಡ್ ಎಷ್ಟಿರುತ್ತದೆ ಅಂತ ಗಂಟೆಗೊಮ್ಮೆ ಪ್ಯಾನೆಲ್ ನೋಡಿ ಬರೆದಿಡಿ, ಅರ್ಧ ದಿನ ಕಾಲು ಭಾಗ ಲೋಡ್‌ನಲ್ಲೇ ಕಳೆದರೆ ಈ ಕಿಟ್‌ಗೆ ದುಡ್ಡು ಹಾಕಬೇಡಿ.