ಪುನರ್ಪುಳಿ: ಸಿರಪ್ ಬಾಟಲಿಯಾ, ಒಣಸಿಪ್ಪೆಯಾ?

ಪುನರ್ಪುಳಿ ಅಂದರೆ ಕೋಕಂ, ಕರಾವಳಿ ಕಡೆಯ ಹುಳಿ ಹಣ್ಣು. ಅದರ ಜ್ಯೂಸಿಗೆ ಯಾವುದು ಒಳ್ಳೆಯದು ಅಂದರೆ ನನ್ನ ವೋಟು ಒಣಸಿಪ್ಪೆಗೆ. ಅದೂ ಉಪ್ಪು ಹಾಕದೆ ಒಣಗಿಸಿದ, ಕಪ್ಪಿಗೆ ಹತ್ತಿರದ ನೇರಳೆ ಬಣ್ಣದ ಸಿಪ್ಪೆಗೆ. ರಾತ್ರಿ ನಾಲ್ಕೈದು ಸಿಪ್ಪೆ ನೀರಿಗೆ ಹಾಕಿಟ್ಟರೆ ಬೆಳಿಗ್ಗೆ ನೀರೆಲ್ಲ ಕೆಂಪು. ಹಿಚುಕಿ ಸೋಸಿ ಬೆಲ್ಲ, ಜೀರಿಗೆ ಪುಡಿ, ಚಿಟಿಕೆ ಉಪ್ಪು ಹಾಕಿದರೆ ಮುಗಿಯಿತು. ಒಲೆ ಹಚ್ಚುವ ಕೆಲಸವೇ ಇಲ್ಲ.

ಸಿರಪ್ ಮೇಲೆ ನನಗೆ ಸಿಟ್ಟು ಬಂದದ್ದು ಕಳೆದ ವರ್ಷ. ಊರಿಗೆ ಹೋದಾಗ ಅಂಗಡಿಯೊಂದರಲ್ಲಿ ಎರಡು ಬಾಟಲಿ ಕೊಂಡೆ. ಬಣ್ಣ ಹಾಕಿಲ್ಲ, ಮನೆಯಲ್ಲೇ ಕುದಿಸಿ ಮಾಡಿದ್ದು, ಹೊರಗಿಟ್ಟರೂ ಏನೂ ಆಗಲ್ಲ ಅಂದರು. ಒಂದು ಫ್ರಿಜ್ಜಿಗೆ ಹೋಯಿತು, ಇನ್ನೊಂದು ಅಡುಗೆಮನೆ ಶೆಲ್ಫಿಗೆ. ಮಳೆಗಾಲ ಮುಗಿಯುವಷ್ಟರಲ್ಲಿ ಶೆಲ್ಫಿನದು ಹಳೇ ಚಹಾ ಡಿಕಾಕ್ಷನ್ ಥರ ಆಗಿತ್ತು. ಬೂಷ್ಟು ಬಂದಿರಲಿಲ್ಲ, ಹುಳಿ ಸಿಹಿ ಹಾಗೇ ಇತ್ತು. ಬಣ್ಣ ಮಾತ್ರ ನಾಪತ್ತೆ.

ಬಣ್ಣ ಹೋದರೆ ಏನಂತೆ ಅನ್ನಬೇಡಿ. ಆ ಬಣ್ಣವೇ ಆಂಥೋಸಯನಿನ್. ನೇರಳೆ ಹಣ್ಣು, ನೇರಳೆ ಕೋಸು, ಬದನೆಕಾಯಿ ಸಿಪ್ಪೆ, ಎಲ್ಲದರ ಬಣ್ಣವೂ ಅದೇ ಗುಂಪಿನದು. ಪುನರ್ಪುಳಿಗೆ ಆಂಟಿಆಕ್ಸಿಡೆಂಟ್ ಅಂತ ಹೆಸರು ಬಂದಿರುವುದರಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಹುಳಿ ಇದ್ದಲ್ಲಿ ಅದು ಕೆಂಪಗೆ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಬಿಸಿ, ಬೆಳಕು, ಗಾಳಿ ಮೂರೂ ಅದಕ್ಕೆ ಆಗಿಬರುವುದಿಲ್ಲ. ಕುದಿಸುವಾಗಲೇ ಒಂದಿಷ್ಟು ಹೋಗುತ್ತದೆ, ಉಳಿದದ್ದು ಬಾಟಲಿಯಲ್ಲಿ ನಿಧಾನವಾಗಿ ಒಡೆಯುತ್ತದೆ. ಹುಳಿಯ ಜೊತೆ ಸಕ್ಕರೆ ಕುದಿದಾಗ ಫರ್ಫ್ಯೂರಲ್ ಜಾತಿಯ ವಸ್ತುಗಳು ಹುಟ್ಟುತ್ತವೆ. ಬಣ್ಣ ಕಂದಾಗುವುದನ್ನು ಇವು ಇನ್ನೂ ಬೇಗ ಮಾಡಿಸುತ್ತವೆ. ಕಂದಾದ ಮೇಲೂ ಆಂಟಿಆಕ್ಸಿಡೆಂಟ್ ಗುಣ ಪೂರ್ತಿ ಸೊನ್ನೆ ಆಗುವುದಿಲ್ಲ ಅನ್ನುವುದು ನಿಜ. ಆದರೂ ನಾನು ದುಡ್ಡು ಕೊಟ್ಟದ್ದು ಕೆಂಪಿಗೆ, ಅಲ್ವಾ? ಫ್ರಿಜ್ಜಿನ ಬಾಟಲಿ ಆಗಲೂ ಪರವಾಗಿಲ್ಲ ಅನ್ನುವಂತಿತ್ತು.

ವರ್ಷವಿಡೀ ಕೆಂಪಗೇ ಇರುವ ಬಾಟಲಿಗಳೂ ಇವೆ. ಅವುಗಳ ಲೇಬಲ್ ತಿರುಗಿಸಿ ನೋಡಿ. 122 ಅಥವಾ 124 ಅಂತಿದ್ದರೆ ಅದು ಕೃತಕ ಬಣ್ಣದ ನಂಬರು. ಅನುಮಾನ ಬಂದರೆ ಒಂದು ಚಮಚ ಸಿರಪ್ಪಿಗೆ ನೀರು ಬೆರೆಸಿ, ನೊರೆ ನಿಲ್ಲುವ ತನಕ ಅಡುಗೆ ಸೋಡ ಹಾಕುತ್ತಾ ಹೋಗಿ. ಹಣ್ಣಿನ ಬಣ್ಣ ಆಗಿದ್ದರೆ ನೀಲಿ, ಬೂದು, ಹಸಿರು ಅಂತ ತಿರುಗುತ್ತದೆ. ಆಮೇಲೂ ಕೆಂಪಗೇ ಇದ್ದರೆ ಆ ಕೆಂಪು ಹಣ್ಣಿನದ್ದಲ್ಲ.

ಒಲೆ ಮುಟ್ಟದ ಇನ್ನೊಂದು ದಾರಿ, ಭರಣಿಯಲ್ಲಿ ಒಂದು ಪದರ ಹಸಿ ಸಿಪ್ಪೆ, ಒಂದು ಪದರ ಸಕ್ಕರೆ ಹಾಕಿಡುವುದು. ಸಕ್ಕರೆಯೇ ರಸ ಎಳೆಯುತ್ತದೆ. ಬಣ್ಣದಲ್ಲಿ ಇದನ್ನು ಮೀರಿಸುವುದು ನನ್ನ ಒಣಸಿಪ್ಪೆಗೂ ಕಷ್ಟ. ಆದರೆ ಸಿಪ್ಪೆಗಿಂತ ಸಕ್ಕರೆಯೇ ಜಾಸ್ತಿ ಬೇಕು. ನಮ್ಮವರಿಗೆ ಶುಗರ್, ಹಾಗಾಗಿ ನಮ್ಮ ಮನೆಯಲ್ಲಿ ಅದು ನೆಂಟರಿಗೆ ಮಾತ್ರ.

ಪುಡಿ? ಡಬ್ಬಿ ತೆರೆದ ವಾರದೊಳಗೆ ಗಂಟು ಕಟ್ಟಿತು. ಅಷ್ಟೇ.

ಒಣಸಿಪ್ಪೆಗೂ ತಾಪತ್ರಯ ಇದೆ. ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ, ಅಂಗಳಕ್ಕೆ ಹರಡುವಷ್ಟರಲ್ಲಿ ಮಳೆ. ಕೆಲವರು ಹೊಗೆಗೂಡಿನಲ್ಲಿ ಒಣಗಿಸುತ್ತಾರೆ, ಆ ವಾಸನೆ ಜ್ಯೂಸಿನಲ್ಲೂ ಬರುತ್ತದೆ. ಸುಡುಬಿಸಿಲಿನಲ್ಲಿ ಬಹಳ ದಿನ ಬಿದ್ದಿದ್ದರೆ ಬಣ್ಣಕ್ಕೂ ಪೆಟ್ಟು. ಉಪ್ಪು ಹಾಕಿದ್ದು ಸಾರಿಗೆ ಸರಿ, ಕುಡಿಯಲು ಬೇಡ. ಸೋಸಿದ ಮೇಲೆ ಸಿಪ್ಪೆಯನ್ನು ಎಸೆಯಬೇಡಿ. ಗಾರ್ಸಿನಾಲ್ ಅನ್ನುವ ಇನ್ನೊಂದು ಆಂಟಿಆಕ್ಸಿಡೆಂಟ್ ನೀರಿನಲ್ಲಿ ಕರಗದೆ ಅದರಲ್ಲೇ ಉಳಿದಿರುತ್ತದೆ. ನಾನು ಕಾಯಿ, ಒಣಮೆಣಸು ಸೇರಿಸಿ ಚಟ್ನಿ ರುಬ್ಬುತ್ತೇನೆ.

ನಮ್ಮಲ್ಲಿ ದಿನಕ್ಕೆ ಒಂದೆರಡು ಲೋಟದ ಖರ್ಚು, ಫ್ರಿಜ್ಜೂ ಚಿಕ್ಕದು. ಗಾಳಿಯಾಡದ ಡಬ್ಬಿಯಲ್ಲಿ, ಕತ್ತಲ ಮೂಲೆಯಲ್ಲಿಟ್ಟ ಒಣಸಿಪ್ಪೆಯೇ ನಮಗೆ ಸಾಕು. ಈ ಸಲದ್ದಕ್ಕೆ ಈಗಲೇ ಹೇಳಿಟ್ಟಿದ್ದೇನೆ. ಹೊಗೆ ವಾಸನೆ ಬಂದರೆ ವಾಪಸ್ ಅಂತಲೂ ಹೇಳಿದ್ದೇನೆ.